ಏಳೂವರೆ ಸಾವಿರದ ಲೆಕ್ಕ

ಮಾತು ಕೊಡುವುದು ಸುಲಭ. ಅಡಿಕೆಗೆ ಒಳ್ಳೆಯ ರೇಟು ಇರುವಾಗ ಇನ್ನೂ ಸುಲಭ. "ಪಿಯುಸಿಯಲ್ಲಿ ಚೆನ್ನಾಗಿ ಮಾರ್ಕು ತೆಗಿ, ಹೊಸ ಕಂಪ್ಯೂಟರ್ ತೆಗೆದುಕೊಡುತ್ತೇನೆ" ಎಂದು ನಾನು ಮಗನಿಗೆ ಹೇಳಿದ್ದು ಅಂಥ ಒಂದು ದಿನ. ಮಗ ತನ್ನ ಪಾಲಿನ ಕೆಲಸ ಮಾಡಿ ತೋರಿಸಿದ. ನನ್ನ ಪಾಲಿನದಕ್ಕೆ ಕೊಳೆರೋಗ ಬಂತು. 2025ರಲ್ಲಿ ಮಳೆ ಮೇ ತಿಂಗಳಲ್ಲೇ ಹಿಡಿದುಕೊಂಡಿತು. ಮೂರು ಸಲ ಮದ್ದು ಬಿಟ್ಟರೂ ಎಳೆಕಾಯಿಗಳು ಉದುರಿ ಮರದ ಬುಡದಲ್ಲಿ ರಾಶಿ ಬಿದ್ದವು. ಬೆಳ್ತಂಗಡಿ ತಾಲೂಕಿನ ಗುರುವಾಯನಕೆರೆಯಿಂದ ಸ್ವಲ್ಪ ಒಳಗಿರುವ ನಮ್ಮ ಒಂದೂವರೆ ಎಕರೆ ತೋಟದ ಲೆಕ್ಕ ಆ ವರ್ಷ ಕೊಯ್ಲಿಗೆ ಮೊದಲೇ ಮುಗಿದಿತ್ತು.

ಮನೆಯಲ್ಲಿ ಕಂಪ್ಯೂಟರೇ ಇರಲಿಲ್ಲವೆಂದಲ್ಲ. 2018ರಲ್ಲಿ ಮಗಳ ಓದಿಗೆಂದು ಬಿಡಿಭಾಗಗಳನ್ನು ಜೋಡಿಸಿ ಮಾಡಿಸಿದ ಕಪ್ಪು ಪೆಟ್ಟಿಗೆಯೊಂದು ಇತ್ತು. ಒಳಗೆ ಎಎಂಡಿ ಕಂಪೆನಿಯ ರೈಜನ್ 3 1200 ಎಂಬ ಪ್ರೊಸೆಸರ್, 8 ಜಿಬಿ ಮೆಮೊರಿ, ಜಿಟಿಎಕ್ಸ್ 1050 ಟಿಐ ಎಂಬ ಗ್ರಾಫಿಕ್ಸ್ ಕಾರ್ಡು. 2020ರ ಲಾಕ್‌ಡೌನಿನಲ್ಲಿ ಅಕ್ಕನ ಕಾಲೇಜು, ತಮ್ಮನ ಶಾಲೆ ಎರಡೂ ಅದರೊಳಗೇ ನಡೆದವು. ಮಗಳು ಕೆಲಸ ಸಿಕ್ಕಿ ಬೆಂಗಳೂರಿಗೆ ಹೊರಡುವಾಗ ಹಳೆ ಹಾರ್ಡ್ ಡಿಸ್ಕಿನ ಜೊತೆಗೆ ಒಂದು ಎಸ್‌ಎಸ್‌ಡಿ ಹಾಕಿಸಿ, ಪೆಟ್ಟಿಗೆಯನ್ನು ತಮ್ಮನಿಗೆ ಬಿಟ್ಟುಹೋದಳು. ತಮ್ಮ ಅದನ್ನು ಓದಿಗೆ ಬಳಸಿದ. ಸುಳ್ಳು ಯಾಕೆ, ಆಟಕ್ಕೆ ಇನ್ನೂ ಹೆಚ್ಚು ಬಳಸಿದ.

ಏಳು ವರ್ಷ ಆಗುವಾಗ ಪೆಟ್ಟಿಗೆಗೆ ಏದುಸಿರು ಹತ್ತಿತು. ಕೌಂಟರ್-ಸ್ಟ್ರೈಕ್ 2 ಎಂಬ ಆಟದಲ್ಲಿ ಶತ್ರು ಎದುರಿಗೆ ಬಂದ ಹೊತ್ತಿಗೇ ಚಿತ್ರ ನಿಂತುಬಿಡುವುದು. ಮತ್ತೆ ಚಲಿಸುವಾಗ ನಮ್ಮವನು ಸತ್ತಿರುವುದು. ಅದಾದರೂ ಆಟ ಎನ್ನೋಣ. ವೇಣೂರು ದಾರಿಯಾಗಿ ದಿನಾ ಬಸ್ಸಿನಲ್ಲಿ ಮೂಡುಬಿದಿರೆಗೆ ಬಿಸಿಎ ಓದಲು ಹೋಗುವ ಅವನಿಗೆ, ಪಾಠದ ವಿಡಿಯೋ ಮತ್ತು ಪ್ರೋಗ್ರಾಂ ಬರೆಯುವ ತಂತ್ರಾಂಶ ಒಟ್ಟಿಗೆ ತೆರೆದರೆ ಮೌಸ್ ಅಲ್ಲಾಡುತ್ತಿರಲಿಲ್ಲ. ಮೇಲಿಂದ ವಿಂಡೋಸ್ 10ಕ್ಕೆ ಸಿಗುತ್ತಿದ್ದ ಮಾಮೂಲಿ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿಯಿತು. ವಿಂಡೋಸ್ 11 ಒಪ್ಪುವ ಪ್ರೊಸೆಸರುಗಳ ಪಟ್ಟಿಯಲ್ಲಿ ನಮ್ಮ 1200ರ ಹೆಸರಿಲ್ಲ.

ಮಗ ಮೂಡುಬಿದಿರೆಯ ಒಂದು ಅಂಗಡಿಯಲ್ಲಿ ವಿಚಾರಿಸಿ ಚೀಟಿ ತಂದ. ಎಲ್ಲವನ್ನೂ ಬದಲಾಯಿಸಬೇಕು, 42 ಸಾವಿರ. ನಾನು ಚೀಟಿ ನೋಡಿ "ನೋಡುವ" ಎಂದೆ. ನಮ್ಮ ಕಡೆ "ನೋಡುವ" ಎಂದರೆ ಏನರ್ಥ ಎಂಬುದು ಓದುಗರಿಗೆ ಗೊತ್ತಿರಬಹುದು. ಮಗನಿಗೂ ಗೊತ್ತಿತ್ತು. ಅವನು ಮಾತಾಡದೆ ಎದ್ದುಹೋದ. ಒಂದು ವಾರ ನನ್ನೊಡನೆ ಬೇಕಾದಷ್ಟೇ ಮಾತು.

ಒಂದು ರಾತ್ರಿ ಊಟದ ಹೊತ್ತಿಗೆ ಹೆಂಡತಿ ಹೇಳಿದಳು: "ಇಲ್ಲ ಅಂತ ಹೇಳುವುದಾದರೆ ಹೇಳಿ. ಆದರೆ ಯಾಕೆ ಇಲ್ಲ ಅಂತಲೂ ಅವನಿಗೆ ಹೇಳಿ." ಆ ಮಾತು ನನಗೆ ನಾಟಿತು. ನನ್ನ ಅಪ್ಪ ನನಗೆ ಯಾವತ್ತೂ ಲೆಕ್ಕ ಹೇಳಿದವರಲ್ಲ; ಮಕ್ಕಳ ಮುಂದೆ ಸಾಲದ ಮಾತೆತ್ತಬಾರದು ಎಂಬುದು ಅವರ ನಿಯಮ. ನಾನೂ ಅದನ್ನೇ ಮರ್ಯಾದೆ ಎಂದುಕೊಂಡು ನಡೆಸಿಕೊಂಡು ಬಂದಿದ್ದೆ. ಆ ರಾತ್ರಿ ಮೊದಲ ಸಲ ಲೆಕ್ಕದ ಪುಸ್ತಕ ತಂದು ಮಗನ ಮುಂದಿಟ್ಟೆ. ಕಳೆದ ವರ್ಷ ಮಾರಿದ ಅಡಿಕೆ, ಈ ವರ್ಷ ಬರಬಹುದಾದದ್ದು, ಮದ್ದಿನ ಖರ್ಚು, ಸೊಸೈಟಿಯ ಕಂತು, ಅವನದೇ ಕಾಲೇಜಿನ ಫೀಸು. ಎಲ್ಲ ಕಳೆದು ನಾನು ಕೊಡಬಹುದಾದದ್ದು ಏಳೂವರೆ ಸಾವಿರ.

ಮಗ ತುಂಬ ಹೊತ್ತು ಪುಸ್ತಕ ನೋಡಿದ. "ಇದನ್ನು ಮೊದಲೇ ಹೇಳಬಹುದಿತ್ತಲ್ಲ ಅಪ್ಪ" ಎಂದ. ಮತ್ತೆ, "ಸರಿ, ಏಳೂವರೆ ಸಾವಿರದಲ್ಲಿ ಎಂಥ ಆಗ್ತದೆ ನೋಡುವ" ಎಂದ. ಅವನ "ನೋಡುವ"ದಲ್ಲಿ ನಿಜವಾಗಿ ನೋಡುವ ಉದ್ದೇಶವಿತ್ತು.

ಮುಂದಿನ ಭಾನುವಾರ ಮಡಂತ್ಯಾರು, ಪುಂಜಾಲಕಟ್ಟೆ, ವಗ್ಗ ದಾಟಿ ಬಂಟ್ವಾಳದ ಬಿ.ಸಿ.ರೋಡಿಗೆ ಇಬ್ಬರೂ ಹೋದೆವು. ಅಲ್ಲಿ ಹಳೆಯ ಕಂಪ್ಯೂಟರ್ ರಿಪೇರಿ ಮಾಡುವವರೊಬ್ಬರು ಪರಿಚಯದವರು. ನಾನು ಕೂತ ಕೂಡಲೇ ದುಡ್ಡಿನ ಮಾತೆತ್ತಿದೆ. ಅವರು ತಡೆದರು: "ಮೊದಲು ರೋಗ ಯಾವುದು ನೋಡುವ ಮಾರಾಯ್ರೆ, ಮತ್ತೆ ಮದ್ದು." ಮಗನಿಗೆ ಹೇಳಿದರು: "ಮನೆಗೆ ಹೋಗಿ ಆಟದ ಸೆಟ್ಟಿಂಗಿನಲ್ಲಿ ರೆಸಲ್ಯೂಶನ್ ಇಳಿಸು. ಇಳಿಸಿದ ಮೇಲೆ ಆಟ ಚುರುಕಾದರೆ ದೋಷ ಗ್ರಾಫಿಕ್ಸ್ ಕಾರ್ಡಿನದ್ದು. ಎಷ್ಟು ಇಳಿಸಿದರೂ ಮೊದಲಿನ ಹಾಗೇ ಇದ್ದರೆ ಪ್ರೊಸೆಸರಿನದ್ದು. ಟಾಸ್ಕ್ ಮ್ಯಾನೇಜರ್ ತೆರೆದಿಟ್ಟು ಯಾವುದು ನೂರಕ್ಕೆ ನೂರು ದುಡಿಯುತ್ತದೆ, ಮೆಮೊರಿ ಎಷ್ಟು ತುಂಬುತ್ತದೆ ಅಂತಲೂ ಬರೆದಿಡು."

ಇದು ನನಗೆ ಕೂಡಲೇ ಅರ್ಥವಾಯಿತು. ತೋಟಕ್ಕೆ ನೀರು ಸಾಲದಿದ್ದರೆ ಪಂಪು ಬದಲಿಸುವ ಮೊದಲು ಪೈಪು ನೋಡಬೇಕು, ಫುಟ್‌ವಾಲ್ವ್ ನೋಡಬೇಕು. ಅಷ್ಟೇ ವಿಷಯ.

ಮಗ ಪರೀಕ್ಷೆ ಮಾಡಿ ಪುಸ್ತಕದಲ್ಲಿ ಬರೆದ. ರೆಸಲ್ಯೂಶನ್ ಇಳಿಸಿದರೂ ವೇಗ ಹೆಚ್ಚಲಿಲ್ಲ. ಪ್ರೊಸೆಸರ್ ನೂರಕ್ಕೆ ನೂರು; ಗ್ರಾಫಿಕ್ಸ್ ಕಾರ್ಡಿಗೆ ಇನ್ನೂ ಉಸಿರಿತ್ತು. ಮೆಮೊರಿಯೂ ಅಂಚಿಗೆ ತುಂಬುತ್ತಿತ್ತು. ಅಂದರೆ ಬದಲಿಸಬೇಕಾದದ್ದು ಎರಡೇ ವಸ್ತು. ಉಳಿದ ಪೆಟ್ಟಿಗೆ, ಮದರ್‌ಬೋರ್ಡ್, ಕಾರ್ಡು ಎಲ್ಲ ಇನ್ನೂ ಕೆಲಸಕ್ಕೆ ಬರುವಂಥದ್ದೇ.

ಇಲ್ಲಿ ನಮ್ಮ ಅದೃಷ್ಟವೂ ಸ್ವಲ್ಪ ಇತ್ತು. ಪ್ರೊಸೆಸರ್ ಕೂರುವ ಮಣೆಗೆ ಸಾಕೆಟ್ ಎನ್ನುತ್ತಾರೆ. ಸಾಕೆಟ್ ಬದಲಾದರೆ ಮದರ್‌ಬೋರ್ಡೇ ಬದಲಾಗಬೇಕು. ಇಂಟೆಲ್ ಕಂಪೆನಿಯ 7ನೆಯ ಮತ್ತು 8ನೆಯ ತಲೆಮಾರಿನ ಪ್ರೊಸೆಸರುಗಳು ಎರಡೂ 2017ರಲ್ಲಿ ಬಂದವು. ಎರಡಕ್ಕೂ 1151 ಸಂಪರ್ಕಬಿಂದುಗಳೇ. ಆದರೂ ಎಂಟನೆಯದು ಏಳನೆಯದರ ಬೋರ್ಡಿನಲ್ಲಿ ನಡೆಯುವುದಿಲ್ಲ. ನಮ್ಮದು ಎಎಂ4 ಎಂಬ ಸಾಕೆಟ್. 2017ರ ಮೊದಲ ರೈಜನ್‌ಗಳಿಂದ ಹಿಡಿದು 5000 ಸರಣಿಯವರೆಗೂ ಅದೇ ಮಣೆ. ಹಾಗಾಗಿ 2018ರಲ್ಲಿ ಕೊಂಡ ಬಿ350 ಬೋರ್ಡಿನಲ್ಲಿ 2019ರ ರೈಜನ್ 5 3600 ಕೂರುತ್ತದೆ. ಹಳೆಯದಕ್ಕೆ 4 ಕೋರ್, 4 ಥ್ರೆಡ್. ಇದಕ್ಕೆ 6 ಕೋರ್, 12 ಥ್ರೆಡ್. ನಾಲ್ಕು ಜನ ಅಡಿಕೆ ಸುಲಿಯುವಲ್ಲಿ ಆರು ಜನ ಕೂತ ಹಾಗೆ, ಅದೂ ಒಬ್ಬೊಬ್ಬರು ಎರಡೆರಡು ಬುಟ್ಟಿ ಇಟ್ಟುಕೊಂಡು. ಎರಡರದ್ದೂ 65 ವಾಟಿನ ಲೆಕ್ಕವೇ ಆದ್ದರಿಂದ ಹಳೆಯ ಫ್ಯಾನೇ ಸಾಕು. ವಿಂಡೋಸ್ 11ರ ಪಟ್ಟಿಯಲ್ಲೂ 3600 ಇದೆ. ಮಗ ಇದನ್ನೆಲ್ಲ ಯಾರದೋ ಮಾತು ಕೇಳಿ ನಂಬಲಿಲ್ಲ. ಬೋರ್ಡು ತಯಾರಿಸಿದವರೇ ಕೊಟ್ಟ ಪಟ್ಟಿಯಲ್ಲಿ ಹುಡುಕಿ ಖಚಿತ ಮಾಡಿಕೊಂಡ. ಎಎಂಡಿಯ ಅತಿ ದೊಡ್ಡ ವಿನ್ಯಾಸ ಕೇಂದ್ರ 2023ರ ನವೆಂಬರಿನಲ್ಲಿ ಬೆಂಗಳೂರಿನಲ್ಲೇ ತೆರೆಯಿತು ಎಂದು ಅವನು ಹೇಳಿದಾಗ ಹೆಂಡತಿ, "ಹಾಗಾದರೆ ನಮ್ಮೂರ ಮಕ್ಕಳೂ ಯಾರಾದರೂ ಅಲ್ಲಿ ಇರಬಹುದು" ಎಂದಳು. ಮಗ ಏನೂ ಹೇಳಲಿಲ್ಲ, ಆದರೆ ಮುಖ ಅರಳಿತ್ತು.

ಮತ್ತೆ ಬಿ.ಸಿ.ರೋಡು. ಬಳಸಿದ 3600 ಒಂದಕ್ಕೆ 4,800 ರೂಪಾಯಿ, ಬಳಸಿದ 8 ಜಿಬಿ ಮೆಮೊರಿಗೆ 1,500, ಪ್ರೊಸೆಸರಿನ ತಲೆಗೆ ಹಚ್ಚುವ ಥರ್ಮಲ್ ಪೇಸ್ಟಿಗೆ 250. ಒಟ್ಟು 6,550. ಮೆಮೊರಿ 8 ಜಿಬಿಯ ಒಂದೇ ಪಟ್ಟಿ ಇದ್ದದ್ದು ಎರಡಾದರೆ ಪ್ರೊಸೆಸರಿಗೆ ಒಂದು ದಾರಿಯ ಬದಲು ಎರಡು ದಾರಿಯಲ್ಲಿ ಮಾಹಿತಿ ಸಿಗುತ್ತದಂತೆ. (ಆ ವರ್ಷದ ಕೊನೆಗೆ ಎಐ ಕೇಂದ್ರಗಳ ಬೇಡಿಕೆಯಿಂದಾಗಿ ಜಗತ್ತಿನಾದ್ಯಂತ ಮೆಮೊರಿಯ ಬೆಲೆ ಏರಿತು. ನಾವು ಸ್ವಲ್ಪ ಮೊದಲೇ ಕೊಂಡದ್ದು ಪುಣ್ಯ.) ಎಎಂ4 ಪ್ರೊಸೆಸರಿನ ಅಡಿಯಲ್ಲಿ 1331 ಕಡ್ಡಿಗಳಿರುತ್ತವೆ, ಕೂದಲಿನಷ್ಟು ಸಪೂರ. ಮಗ ಟಾರ್ಚು ಹಿಡಿದು ಅಡ್ಡಕ್ಕೂ ಉದ್ದಕ್ಕೂ ಸಾಲು ನೋಡಿದ. ಅರ್ಧ ಗಂಟೆ ಅಂಗಡಿಯ ಬೋರ್ಡಿನಲ್ಲೇ ಓಡಿಸಿ ತೋರಿಸಿ, ಒಂದು ತಿಂಗಳ ಗ್ಯಾರಂಟಿಯನ್ನು ಅವರು ಚೀಟಿಯಲ್ಲಿ ಬರೆದುಕೊಟ್ಟರು. ಬಳಸಿದ ಮಾಲು ಕೊಳ್ಳುವವರು ಇಷ್ಟಾದರೂ ಕೇಳಿ ಪಡೆಯಬೇಕು.

ಹೊರಡುವಾಗ ಅವರು ಎಚ್ಚರಿಸಿದರು: "ಹಳೆಯದನ್ನು ತೆಗೆಯುವ ಮೊದಲೇ ಬಯಾಸ್ ಹೊಸತು ಮಾಡಿ. ಆ ಹೊತ್ತಿಗೆ ಕರೆಂಟು ಹೋದರೆ ಬೋರ್ಡು ಹೋಯಿತು ಅಂತಲೇ ಲೆಕ್ಕ." ಬಯಾಸ್ ಎಂದರೆ ಕಂಪ್ಯೂಟರ್ ಎದ್ದ ಕೂಡಲೇ ಓಡುವ, ಬೋರ್ಡಿನಲ್ಲೇ ಇರುವ ಸಣ್ಣ ತಂತ್ರಾಂಶ. 2018ರ ಬಯಾಸಿಗೆ 2019ರಲ್ಲಿ ಹುಟ್ಟಿದ ಪ್ರೊಸೆಸರಿನ ಗುರುತು ಸಿಗುವುದಿಲ್ಲ.

ಅಕ್ಟೋಬರ್ ತಿಂಗಳು. ನಮ್ಮಲ್ಲಿ ಆಗ ಮಧ್ಯಾಹ್ನ ಕಳೆದರೆ ಗುಡುಗು, ಸಿಡಿಲು. ಕರೆಂಟಿನ ಮಾತು ಹೇಳುವುದೇ ಬೇಡ. ಹಾಗಾಗಿ ಬೆಳಿಗ್ಗೆ ಏಳಕ್ಕೆ ಮುಹೂರ್ತ. ಪಕ್ಕದ ಜೆರಾಕ್ಸ್ ಅಂಗಡಿಯವರ ಯುಪಿಎಸ್ ಎರವಲು ತಂದೆವು. ಮಗ ಮೊದಲು ಅದರ ಪ್ಲಗ್ಗು ಕಿತ್ತು, ಬ್ಯಾಟರಿ ಹತ್ತು ನಿಮಿಷ ತಡೆಯುತ್ತದೋ ಎಂದು ಪರೀಕ್ಷಿಸಿದ. ನಮ್ಮ ಬೋರ್ಡಿಗೆ ನಡುವಿನ ಒಂದು ಆವೃತ್ತಿ ಹಾಕಿ, ಆಮೇಲೆ ಕೊನೆಯದನ್ನು ಹಾಕಬೇಕಿತ್ತು. ಪರದೆಯ ಮೇಲೆ ಗೆರೆ ತೆವಳುತ್ತಿರುವಾಗ ಮನೆಯಲ್ಲಿ ಯಾರೂ ಮಿಕ್ಸಿ ಹಾಕಲಿಲ್ಲ, ಪಂಪು ಬಿಡಲಿಲ್ಲ. ಕರೆಂಟು ಹೋಗಲಿಲ್ಲ. ಎರಡೂ ಮುಗಿದು ಚಾ ಕುಡಿಯುವಾಗ ಹೋಯಿತು.

ತಪ್ಪು ನಡೆದದ್ದು ಆಮೇಲೆ, ನನ್ನಿಂದ. ಪೆಟ್ಟಿಗೆ ಬಿಚ್ಚಿದಾಗ ಮೂಲೆಯಲ್ಲಿ ಹಲ್ಲಿಯ ಎರಡು ಮೊಟ್ಟೆ, ಫ್ಯಾನಿನಲ್ಲಿ ಏಳು ವರ್ಷದ ದೂಳು. ಬ್ರಶ್ಶಿನಿಂದ ಗುಡಿಸಿದೆವು. "ಫ್ಯಾನು ಈಗ ತೆಗೆಯುವುದು ಬೇಡ ಅಪ್ಪ. ಕರೆಂಟು ಬರಲಿ, ಸ್ವಲ್ಪ ಹೊತ್ತು ಓಡಿಸಿ ಬಿಸಿ ಮಾಡುವ. ಒಣಗಿದ ಪೇಸ್ಟು ಮೆತ್ತಗಾಗ್ತದೆ. ಮತ್ತೆ ಮೆಲ್ಲ ತಿರುಗಿಸಿ ತೆಗೆಯಬೇಕು" ಎಂದು ಹೇಳಿ ಅವನು ಕೈತೊಳೆಯಲು ಹೋದ. ನನಗೆ ತಾಳ್ಮೆ ಸಾಲದು. ಸ್ಕ್ರೂ ಬಿಚ್ಚಿ ಎಳೆದೇಬಿಟ್ಟೆ. ಫ್ಯಾನಿನ ಅಡಿಗೆ ಅಂಟಿಕೊಂಡು ಪ್ರೊಸೆಸರೂ ಸಾಕೆಟಿನಿಂದ ಕಿತ್ತು ಬಂತು. ಒಂದು ಮೂಲೆಯ ನಾಲ್ಕೈದು ಕಡ್ಡಿ ಬಾಗಿದ್ದವು. ಹಳೆಯದನ್ನು ಮಾರಿದರೆ ಒಂದು ಸಾವಿರವಾದರೂ ಬಂದೀತು ಎಂದು ಅವನು ಲೆಕ್ಕ ಹಾಕಿದ್ದ.

ಮಾತು ತಪ್ಪಿದವನು ನಾನು, ಮುರಿದವನೂ ನಾನು. ಅವನು ಬಂದು ನೋಡಿದ. ಬೈಯುತ್ತಾನೆ ಎಂದುಕೊಂಡೆ, ಅವನ ಜಾಗದಲ್ಲಿ ನಾನಿದ್ದರೆ ಖಂಡಿತ ಬೈಯುತ್ತಿದ್ದೆ. "ಹೋಗ್ಲಿ, ಸಾಕೆಟಿಗೆ ಏನೂ ಆಗಲಿಲ್ಲ" ಎಂದಷ್ಟೇ ಹೇಳಿ ಹೊಸದನ್ನು ಕೂರಿಸಿದ. ಮೂಲೆಯ ಚಿನ್ನದ ಬಣ್ಣದ ತ್ರಿಕೋನಕ್ಕೆ ಸಾಕೆಟಿನ ಗುರುತು ಸರಿಹೊಂದಿಸಿದರೆ ಸಾಕು, ತನ್ನ ಭಾರಕ್ಕೇ ಇಳಿಯುತ್ತದೆ, ಒತ್ತಲೇಬಾರದು. ಕಡಲೆಕಾಳಿನಷ್ಟು ಪೇಸ್ಟು, ಮೇಲೆ ಫ್ಯಾನು. ಕರೆಂಟು ಬಂದ ಮೇಲೆ ಗುಂಡಿ ಒತ್ತಿದಾಗ ಪರದೆ ಅರ್ಧ ನಿಮಿಷ ಕಪ್ಪಾಗೇ ಇತ್ತು. ಮತ್ತೆ ಹೆಸರು ಮೂಡಿತು: ರೈಜನ್ 5 3600. ಬಯಾಸಿನಲ್ಲಿ ಟಿಪಿಎಂ ಎಂಬ ಭದ್ರತಾ ಸೌಲಭ್ಯವನ್ನು ಚಾಲೂ ಮಾಡಿ, ಸಂಜೆಯೊಳಗೆ ವಿಂಡೋಸ್ 11 ಹಾಕಿದ.

ಆಟ ಈಗ ನಿಲ್ಲುವುದಿಲ್ಲ. ಹೊಸ ಕಂಪ್ಯೂಟರಿನಷ್ಟು ಚಂದವೇನೂ ಅಲ್ಲ. ಗ್ರಾಫಿಕ್ಸ್ ಕಾರ್ಡು ಅದೇ ಹಳತು. ಉಳಿದ 950 ರೂಪಾಯಿಯಲ್ಲಿ ಇನ್ನೊಂದು ಫ್ಯಾನು ಕೇಳುತ್ತಾನೆ ಎಂದುಕೊಂಡಿದ್ದೆ. ಅವನು ಕೇಳಿದ್ದು ಅರ್ತಿಂಗ್. ಮನೆಯ ಅರ್ತ್ ಗುಂಡಿ ಒಣಗಿ ವರ್ಷಗಳಾಗಿದ್ದವು. ಇದ್ದಲು, ಉಪ್ಪು, ತಂತಿ ತಂದು ನಾವಿಬ್ಬರೇ ಅಗೆದೆವು. ಪಕ್ಕದ ಮನೆಯ ಎಲೆಕ್ಟ್ರಿಶಿಯನ್ ಜೋಡಿಸಿಕೊಟ್ಟರು. ಹಾಗಿದ್ದರೂ ಗುಡುಗು ಶುರುವಾದರೆ ಪ್ಲಗ್ಗನ್ನೂ ಇಂಟರ್‌ನೆಟ್ ತಂತಿಯನ್ನೂ ಕಿತ್ತಿಡುವುದು ಬಿಟ್ಟಿಲ್ಲ.

ಆ ರಾತ್ರಿ ನಾನು ಅವನಿಗೆ ಇನ್ನೊಂದು ಲೆಕ್ಕವನ್ನೂ ಒಪ್ಪಿಸಿದೆ. 1995ರ ಸುಮಾರಿಗೆ ಅಪ್ಪ ನನ್ನನ್ನು ಬಂಟ್ವಾಳದಲ್ಲಿ ಕಂಪ್ಯೂಟರ್ ಕ್ಲಾಸಿಗೆ ಸೇರಿಸಿದ್ದರು. ಚಪ್ಪಲಿ ಹೊರಗೆ ಬಿಟ್ಟು ಒಳಗೆ ಹೋಗಬೇಕು. ಕಲಿಸುತ್ತಿದ್ದದ್ದು ವರ್ಡ್‌ಸ್ಟಾರ್, ಲೋಟಸ್. ಮೇಷ್ಟ್ರು ಹೊರಗೆ ಹೋದರೆ ನಾವು ಪ್ರಿನ್ಸ್ ಆಫ್ ಪರ್ಷಿಯಾ ಆಡುತ್ತಿದ್ದೆವು. ಒಂದು ಗಂಟೆಯೊಳಗೆ ರಾಜಕುಮಾರಿಯನ್ನು ಬಿಡಿಸಬೇಕು. ನನಗೆ ಒಮ್ಮೆಯೂ ಆಗಲಿಲ್ಲ. ತಡವಾಗಿ ಮನೆಗೆ ಬಂದಾಗ ಅಪ್ಪನಿಗೆ "ಪ್ರಾಕ್ಟಿಕಲ್ ಇತ್ತು" ಎನ್ನುತ್ತಿದ್ದೆ. ಅಪ್ಪ ಲೆಕ್ಕ ಹೇಳದವರು, ನಾನು ಸತ್ಯ ಹೇಳದವನು; ಸರಿಗೆ ಸರಿ ಆಗಿತ್ತು. ಮಗ ಬಿದ್ದು ಬಿದ್ದು ನಕ್ಕ.

ಬಾಗಿದ ಕಡ್ಡಿಗಳನ್ನು ಅವನು ಸೀಸ ತೆಗೆದ ಪೆನ್ ಪೆನ್ಸಿಲಿನ ತುದಿಯಿಂದ ಒಂದೊಂದಾಗಿ ನೇರ ಮಾಡಿದ್ದಾನೆ. ಮೂಡುಬಿದಿರೆಯಲ್ಲಿ ಸಹಪಾಠಿಯೊಬ್ಬನ ಬೋರ್ಡಿನಲ್ಲಿ ಹಾಕಿ ನೋಡಿದಾಗ ಹಳೆ 1200 ಎದ್ದು ಕೂತಿತಂತೆ. ಆ ಹುಡುಗನ ಮನೆಯಲ್ಲಿ ನಮಗಿಂತಲೂ ಕಷ್ಟ ಎಂದು ಅದನ್ನು ಅವನಿಗೇ ಕೊಟ್ಟುಬಂದ. ಸಾವಿರ ರೂಪಾಯಿಯ ಮಾತು ನಾನೂ ಎತ್ತಲಿಲ್ಲ.

ಈಗ ತೋಟದ ಲೆಕ್ಕ ಅದೇ ಕಂಪ್ಯೂಟರಿನಲ್ಲಿ ಮಗನೇ ಬರೆಯುತ್ತಾನೆ. ಗ್ರಾಫಿಕ್ಸ್ ಕಾರ್ಡಿಗೆ ದುಡ್ಡು ಉಳಿಯುತ್ತದೋ ಇಲ್ಲವೋ ಎಂಬುದು ನನಗಿಂತ ಮೊದಲೇ ಅವನಿಗೆ ಗೊತ್ತಾಗುತ್ತದೆ. ಹಾಗಾಗಿ ಅವನು ಕೇಳುವುದಿಲ್ಲ, ನಾನು "ನೋಡುವ" ಎನ್ನಬೇಕಾಗಿಯೂ ಬಂದಿಲ್ಲ.