ಅಳಿಯದ ಬಲೆ

ಕನ್ನಡ ಪಾಠ ಹೇಳುವವನಿಗೆ ರಕ್ತದ ವಿಚಾರವೇಕೆಂದು ವಾಚಕರು ಕೇಳಬಹುದು. ಬಾಣಂತನಕ್ಕೆಂದು ಶೆಟ್ಟಿಹಳ್ಳಿಯ ನಮ್ಮ ಮನೆಗೆ ಬರಬೇಕಾಗಿದ್ದ ನನ್ನ ತಂಗಿ ಎರಡು ಸಲವೂ ಮಡಿಲು ಬರಿದಾಗಿ ಬಂದಳು. ಅವಳ ಮೊಣಕಾಲಿನ ಸುತ್ತ ಕಪ್ಪು ನೇರಳೆಯ ಗೆರೆಗಳು ಮೀನಿನ ಬಲೆಯಂತೆ ಹರಡಿದ್ದುದನ್ನು ಮೊದಲು ಕಂಡವರು ನಮ್ಮ ತಾಯಿ. “ಚಳಿಗೆ ಕಣೆ” ಎಂದು ಹರಳೆಣ್ಣೆ ಹಚ್ಚಿದರು.

ಆ ಮಾತು ಅರ್ಧ ನಿಜ. ಚಳಿಗೆ ಚರ್ಮದ ಸಣ್ಣ ನಾಳಗಳು ಮುದುಡಿ, ರಕ್ತ ನಿಧಾನವಾಗಿ ಹರಿದೆಡೆಯಲ್ಲಿ ಇಂಥ ಗೆರೆ ಮೂಡುವುದುಂಟು. ಎಳೆಯ ಮಕ್ಕಳಲ್ಲಿ ಇದು ಸಾಮಾನ್ಯ. ಬೆಚ್ಚಗೆ ಹೊದಿಸಿದರೆ ಮಾಯವಾಗುತ್ತದೆ. ಬಿಸಿಲು ಕಾಯಿಸಿದರೂ ಅಳಿಯದ, ಅಲ್ಲಲ್ಲಿ ಎಳೆ ಕಡಿದಂತಿರುವ ಬಲೆಯ ಮಾತೇ ಬೇರೆ. ಕಂದು ಮೈಬಣ್ಣದವರಲ್ಲಿ ಅದು ಕಣ್ಣು ತಪ್ಪಿಸುವುದೂ ಸುಲಭ. 1965ರಲ್ಲಿ ಸ್ನೆಡನ್ ಎಂಬ ಆಂಗ್ಲ ಚರ್ಮವೈದ್ಯರು ಇಂಥ ಬಲೆಯೂ ಪಾರ್ಶ್ವವಾಯುವೂ ಕೂಡಿದ್ದ ಆರು ಮಂದಿಯ ವಿಷಯ ಬರೆದರು. 1983ರಲ್ಲಿ ಲಂಡನ್ನಿನ ಗ್ರಹಾಂ ಹ್ಯೂಸ್, ನಾಳದಲ್ಲಿ ಹೆಪ್ಪುಗಟ್ಟುವ ರಕ್ತ, ಮೇಲಿಂದ ಮೇಲೆ ಗರ್ಭಸ್ರಾವ, ಮೈಯ ಮೇಲೆಯೇ ತಿರುಗಿಬೀಳುವ ಒಂದು ಬಗೆಯ ಪ್ರತಿಕಾಯ, ಇವನ್ನೆಲ್ಲ ಒಂದೇ ದಾರದಲ್ಲಿ ಪೋಣಿಸಿದರು. ಆಂಟಿಫಾಸ್ಫೋಲಿಪಿಡ್ ಸಿಂಡ್ರೋಮ್ ಎಂದು ಅದರ ಹೆಸರು. ಕನ್ನಡದ ಹೆಸರೊಂದನ್ನು ಕಟ್ಟಲು ನಾನು ಒಂದು ಸಂಜೆಯೆಲ್ಲ ಹೆಣಗಿದೆ. ಯಾವುದೂ ನಾಲಗೆಗೆ ಹೊಂದಲಿಲ್ಲ.

ಈ ರೋಗದ ಕುಚೋದ್ಯವೊಂದಿದೆ. ಬಸುರಿಯರಿಗೆ ವಾಡಿಕೆಯಾಗಿ ಮಾಡಿಸುವ ವಿ.ಡಿ.ಆರ್.ಎಲ್. ಪರೀಕ್ಷೆ ಉಪದಂಶವೆಂಬ ಗುಹ್ಯರೋಗವನ್ನು ಹುಡುಕುವುದಕ್ಕೆ. ಅದರಲ್ಲಿ ಬಳಸುವ ಕಾರ್ಡಿಯೋಲಿಪಿನ್ ಎಂಬ ಕೊಬ್ಬಿಗೂ ಈ ಪ್ರತಿಕಾಯಗಳು ಅಂಟಿಕೊಳ್ಳುತ್ತವೆ. ಹಾಗಾಗಿ ಆ ರೋಗದ ಗಾಳಿಯೂ ಸೋಕದವರಿಗೆ ‘ಇದೆ’ ಎಂಬ ಉತ್ತರ ಬರುವುದುಂಟು. ತಂಗಿಗೆ ಬಂತು. ಚೀಟಿಯ ವಿಷಯ ತಿಳಿದ ಅವಳ ಅತ್ತೆಯವರು ಒಂದು ತಿಂಗಳು ಅವಳ ಕೈನೀರು ಮುಟ್ಟಲಿಲ್ಲ. ಅವಳ ಗಂಡ ಮಿತಭಾಷಿ. ತಾನೂ ರಕ್ತ ಕೊಟ್ಟು, ಅವಳಿಗೂ ಇನ್ನೊಂದು ಖಚಿತವಾದ ಪರೀಕ್ಷೆ ಮಾಡಿಸಿ, ಇಬ್ಬರಿಗೂ ‘ಇಲ್ಲ’ ಎಂದು ಬಂದ ಚೀಟಿಗಳನ್ನು ತಾಯಿಯ ಮುಂದೆ ನಿಂತು ಗಟ್ಟಿಯಾಗಿ ಓದಿದ. ಪೌರುಷದ ವರ್ಣನೆಗಳನ್ನು ತರಗತಿಯಲ್ಲಿ ಎಷ್ಟೋ ವಿವರಿಸಿದ್ದೇನೆ. ಕಣ್ಣಾರೆ ಕಂಡದ್ದು ಅದೊಂದೇ.

ಬಲೆಯನ್ನು ಗುರುತಿಸಿದವರು ವಯಸ್ಸಾದ ಚರ್ಮವೈದ್ಯೆಯೊಬ್ಬರು. ಕಾಲನ್ನು ನೋಡಿದವರೇ, “ಎಷ್ಟು ಸಲ ಇಳಿದುಹೋಯಿತಮ್ಮ?” ಎಂದು ಕೇಳಿದರಂತೆ. ತಂಗಿ ಅಲ್ಲಿಯೇ ಅತ್ತುಬಿಟ್ಟಳು. ಆದರೆ ಬಲೆಯೊಂದನ್ನೇ ನೋಡಿ ರೋಗವನ್ನು ನಿರ್ಧರಿಸುವಂತಿಲ್ಲ. ಒಮ್ಮೆ ಪ್ರತಿಕಾಯ ಕಂಡರೂ ಸಾಲದು, ಕಡಮೆಯೆಂದರೆ ಹನ್ನೆರಡು ವಾರ ಕಳೆದು ಮತ್ತೆ ಕಾಣಬೇಕು. ಸೋಂಕು ತಗುಲಿದಾಗ ಅವು ಕೆಲಕಾಲ ಬಂದು ಹೋಗುವುದುಂಟಂತೆ. ಆ ಹನ್ನೆರಡು ವಾರ ನಮ್ಮ ಮನೆಯಲ್ಲಿ ಯಾರೂ ಮಗುವಿನ ಮಾತೆತ್ತಲಿಲ್ಲ. ಪಕ್ಕದ ಮನೆಯ ನಾಮಕರಣಕ್ಕೆ ತಾಯಿ ಒಬ್ಬರೇ ಹೋಗಿಬಂದರು.

ಎರಡನೆಯ ಸಲವೂ ಕಂಡಿತು. ವಿಚಿತ್ರವೆಂದರೆ, ರೋಗ ಖಚಿತವಾದ ದಿನ ಅವಳು ಹಗುರಾದಳು; ಮಗು ನಿಲ್ಲದ್ದಕ್ಕೆ ಕಾರಣವೊಂದು ಸಿಕ್ಕಿತಲ್ಲ!

ಈಗ ಅವಳಿಗೆ ಏಳನೆಯ ತಿಂಗಳು. ದಿನಕ್ಕೊಂದು ಸಣ್ಣ ಆಸ್ಪಿರಿನ್ ಗುಳಿಗೆ, ಹೊಟ್ಟೆಯ ಚರ್ಮಕ್ಕೊಂದು ಹೆಪಾರಿನ್ ಚುಚ್ಚುಮದ್ದು. ಚುಚ್ಚುವುದನ್ನು ಗಂಡನೇ ಕಲಿತಿದ್ದಾನೆ. ಅಪಾಯ ಕಳೆಯಿತೆಂದು ವೈದ್ಯರು ಇನ್ನೂ ಹೇಳಿಲ್ಲ. ಅವಳ ಅತ್ತೆಯವರು ಪ್ರತಿ ಭಾನುವಾರ ಬರುತ್ತಾರೆ. ಉಳಿದಿರುವ ಸೂಜಿಗಳನ್ನು ಎಣಿಸಿ, ಮುಂದಿನ ವಾರಕ್ಕೆ ಎಷ್ಟು ತರಬೇಕೆಂದು ಕೇಳಿಕೊಂಡು ಹೋಗುತ್ತಾರೆ.