ಸೆಕೆಂಡಿಗೆ 22 ಫ್ರೇಮಿನ ನಗು

2010ರ ಕೊನೆಯ ತಿಂಗಳುಗಳು. ಲಾಸ್ ಏಂಜಲೀಸ್‌ನಲ್ಲಿ ಶೂಟಿಂಗ್ ನಡೆದಿದೆ. ಕೇಬಲ್ ತುಳಿಯದಂತೆ ಹುಷಾರಾಗಿ ಕ್ಯಾಮೆರಾದ ಹಿಂದೆ ಬಂದು ನಿಲ್ಲಿ. ಎದುರಿಗೆ 1920ರ ದಶಕದ ನೃತ್ಯಶಾಲೆಯ ಸೆಟ್. ಫ್ರೆಂಚ್ ನಿರ್ದೇಶಕ ಮಿಷೆಲ್ ಹಜಾನವಿಸಿಯಸ್ 'ದಿ ಆರ್ಟಿಸ್ಟ್' ತೆಗೆಯುತ್ತಿದ್ದಾರೆ. ಟಾಕಿ ಬಂದು ಮೂಲೆಗುಂಪಾಗುವ ಮೂಕಿ ತಾರೆಯೊಬ್ಬನ ಕತೆ, ಅದನ್ನು ಹೇಳುತ್ತಿರುವುದೂ ಮೂಕಿಯಾಗಿಯೇ.

ಕ್ಯಾಮೆರಾದೊಳಗೆ ಇರುವುದು ಕಲರ್ ಫಿಲ್ಮು. ಕಪ್ಪು-ಬಿಳುಪಾಗುವುದು ಆಮೇಲೆ. ಪರದೆಯ ಮೇಲೆ ಕೆಂಪೂ ಬೂದು, ಹಸಿರೂ ಬೂದು; ಹಾಗಾಗಿ ಉಡುಪಿನ ಬಣ್ಣಕ್ಕಿಂತ ಅದರ ಹೊಳಪು, ನೇಯ್ಗೆ ಮುಖ್ಯ. ಚೌಕಟ್ಟು ಹಳೆಯ ಕಾಲದ್ದು: ಎತ್ತರ ಒಂದಾದರೆ ಅಗಲ 1.33. ಆಗ ಜೂಮ್ ಅಪರೂಪ, ಇಲ್ಲಂತೂ ಇಲ್ಲವೇ ಇಲ್ಲ. ಕ್ಯಾಮೆರಾ ಓಡುವುದು ಸೆಕೆಂಡಿಗೆ 22 ಫ್ರೇಮ್, ಥಿಯೇಟರಿನಲ್ಲಿ ಅದನ್ನು 24ರಲ್ಲಿ ಓಡಿಸುತ್ತಾರೆ. ಆ ಎರಡೇ ಫ್ರೇಮಿನ ವ್ಯತ್ಯಾಸದಿಂದ ನಡಿಗೆಗೆ ಶೇ 9ರಷ್ಟು ಚುರುಕು ಬರುತ್ತದೆ. ಯಾಕೆಂದು ನೋಡುಗರಿಗೆ ಗೊತ್ತಾಗದು, ಮುಖದ ಮೇಲೆ ನಗು ಮಾತ್ರ ಬಂದುಬಿಡುತ್ತದೆ.

ನಟರ ದನಿ ಯಾರಿಗೂ ಕೇಳಿಸಬೇಕಿಲ್ಲವಲ್ಲ, ಶಾಟ್ ನಡೆಯುವಾಗಲೇ ನಿರ್ದೇಶಕರು ಸಂಗೀತ ಹಾಕುತ್ತಾರೆ. ಕ್ಲಾಪ್ ಬೋರ್ಡ್ ಎರಡು: ಒಂದು ನಿಜವಾದ್ದು, ಇನ್ನೊಂದು ಕತೆಯೊಳಗಿನ ಸಿನಿಮಾದ್ದು.

ನಾಯಕನ ಪಾತ್ರದ ಜಾನ್ ದುಜಾರ್ದಾನ್ ನುಣುಪಾಗಿ ಬಾಚಿದ ತಲೆ, ಸಣ್ಣ ಮೀಸೆಯಲ್ಲಿ ಬರುತ್ತಾರೆ. ಕುಣಿಯುವವರ ನಡುವೆ ನುಸುಳಿ, ಅಡ್ಡ ಬಂದ ಎಕ್ಸ್‌ಟ್ರಾ ಹುಡುಗಿಯ ಜೊತೆ ನಾಲ್ಕು ಹೆಜ್ಜೆ ಹಾಕಿ ಮುಂದೆ ಹೋಗಬೇಕು, ಅಷ್ಟೇ. ಹುಡುಗಿ ಬೆರನಿಸ್ ಬೆಜೊ. ಒಂದು ಟೇಕಿನಲ್ಲಿ ಇಬ್ಬರಿಗೂ ನಗು ತಡೆಯದು. ಕಟ್. ಮತ್ತೆ ಅದೇ ದಾರಿ, ಅದೇ ಹೆಜ್ಜೆ, ಮತ್ತೆ ನಗು. ಟೇಕು ಕಳೆದಂತೆ ನಗು ಇಳಿಯುತ್ತದೆ, ನೋಟ ನಿಲ್ಲುತ್ತದೆ, ಅವನು ಮುಂದೆ ಹೋಗುವುದನ್ನೇ ಮರೆಯುತ್ತಾನೆ. ಹಾಸ್ಯ ಪ್ರೇಮವಾದದ್ದು ಯಾವ ಟೇಕಿನಲ್ಲಿ ಎಂದು ನೀವು ಬೆರಳಿಟ್ಟು ತೋರಿಸಲಾರಿರಿ.

ಈಗ ಮೇಕಪ್ ಕೋಣೆಗೆ ಬನ್ನಿ. ಅಲ್ಲಿ ನಾಯಕನಿಲ್ಲ, ಸ್ಟ್ಯಾಂಡಿಗೆ ತೂಗುಹಾಕಿದ ಅವನ ಕೋಟು, ಟೋಪಿ ಇವೆ. ಬೆಜೊ ಹತ್ತಿರ ಬಂದು ಒಂದು ಕೈಯನ್ನು ಆ ಕೋಟಿನ ತೋಳಿನೊಳಗೆ ತೂರಿಸುತ್ತಾರೆ. ಬೆರಳು ಹೊರಬಂದು ಅವರದೇ ಸೊಂಟ ಬಳಸುತ್ತದೆ. ಕೈ ಅವರದೇ ಎಂದು ಗೊತ್ತಿದ್ದೂ ಅಲ್ಲಿ ಒಬ್ಬ ಗಂಡಸು ನಿಂತಿದ್ದಾನೆ ಎಂದೇ ಅನಿಸುತ್ತದೆ. ಮೊದಲು ನಗು, ಹಿಂದೆಯೇ ಗಂಟಲು ಕಟ್ಟುತ್ತದೆ.

ಮಾತಿಲ್ಲದ ಚಿತ್ರ ನಮಗೂ ಹೊಸತಲ್ಲ. ನಮ್ಮ ಬೆಂಗಳೂರಿನಲ್ಲಿ ತೆಗೆದ ಸಿಂಗೀತಂ ಶ್ರೀನಿವಾಸರಾವ್ ಅವರ 'ಪುಷ್ಪಕ ವಿಮಾನ' 1987ರಲ್ಲಿ ಮಾತನ್ನಷ್ಟೇ ಬಿಟ್ಟಿತ್ತು. ಊರಿನ ಗದ್ದಲವೆಲ್ಲ ಕೇಳುತ್ತಿತ್ತು. 'ದಿ ಆರ್ಟಿಸ್ಟ್'ನಲ್ಲಿ ಹೆಜ್ಜೆ ಸಪ್ಪಳವನ್ನೂ ಬಿಟ್ಟಿದ್ದಾರೆ. ನಾಯಕನ ದುಃಸ್ವಪ್ನದಲ್ಲಿ ಗಾಜಿನ ಲೋಟ ಮೇಜಿಗೆ ತಗುಲಿ ಟಕ್ ಎಂದಾಗ ಅವನ ಜೊತೆ ನಾವೂ ಬೆಚ್ಚುತ್ತೇವೆ. ಸದ್ದನ್ನು ಇಷ್ಟು ಬಿಗಿಯಾಗಿ ಹಿಡಿದಿಟ್ಟದ್ದಕ್ಕೇ ಒಂದು ಲೋಟಕ್ಕೆ ಅಷ್ಟು ಬಲ.

2012ರಲ್ಲಿ ಈ ಚಿತ್ರಕ್ಕೆ ಅತ್ಯುತ್ತಮ ಚಿತ್ರವೂ ಸೇರಿ 5 ಆಸ್ಕರ್ ಬಂದವು. ಫಿಲ್ಮಿನ ಮೇಲೆ ಗೀರು ಮೂಡಿಸಿ ಹಳೆಯದರ ವೇಷ ಹಾಕುವುದು ಸುಲಭ. ಕೋಟಿನ ತೋಳೊಂದು ಸಾಕು, ಉಳಿದದ್ದನ್ನು ನೋಡುವವರೇ ತುಂಬಿಕೊಳ್ಳುತ್ತಾರೆ ಎಂದು ನಂಬುವುದಕ್ಕೆ ಧೈರ್ಯ ಬೇಕು. ಮೂಕಿಯ ಕಾಲದವರಿಗೆ ಆ ಧೈರ್ಯವಿತ್ತು. ಇಂದು ಮೂಕಿ ತೆಗೆಯಹೊರಟವರು ಅವರಿಂದ ಮೊದಲು ಕಲಿಯಬೇಕಾದದ್ದೂ ಅದೇ.