ಡಬ್ಬಿ ಕಂಡ ಹಂಪಿ

ಹಂಪಿಯ ವಿರೂಪಾಕ್ಷ ಗುಡಿಯ ಹಿಂಬದಿಯಲ್ಲೊಂದು ಕತ್ತಲೆ ಕೋಣೆಯಿದೆ. ಅದರ ಸಣ್ಣ ಕಿಂಡಿಯಿಂದ ನುಸುಳುವ ಬೆಳಕು ಒಂಬತ್ತು ನೆಲೆಯ ಮೂಡಣ ಗೋಪುರವನ್ನು ಎದುರಿನ ಗೋಡೆಯ ಮೇಲೆ ತಲೆಕೆಳಗಾಗಿ ಮೂಡಿಸುತ್ತದೆ. ಲೆನ್ಸಿಲ್ಲ, ಕರೆಂಟಿಲ್ಲ. ಹೊಸಪೇಟೆಯಲ್ಲಿ ಡಿಗ್ರಿ ಓದುತ್ತಿರುವ ನನಗೆ ಪಿನ್‌ಹೋಲ್ ಕ್ಯಾಮೆರಾದ ಹುಚ್ಚು ಹತ್ತಿಸಿದ್ದು ಆ ಗೋಡೆ.

ನನ್ನ ಕ್ಯಾಮೆರಾ ಒಂದು ಹಾಲಿನ ಪುಡಿಯ ಡಬ್ಬಿ. ಬದಿಗೆ ತೂತು ಕೊರೆದು, ತಂಪು ಪಾನೀಯದ ಕ್ಯಾನಿನಿಂದ ಕತ್ತರಿಸಿದ ತಗಡಿನ ಚೂರು ಅಂಟಿಸಿ, ಸೂಜಿಮೊನೆಯಿಂದ ಅದರಲ್ಲಿ ಅರ್ಧ ಮಿಲಿಮೀಟರಿಗೂ ಸಣ್ಣ ರಂಧ್ರ ಮಾಡಿದ್ದೇನೆ. ಕರೀ ಇನ್ಸುಲೇಷನ್ ಟೇಪೇ ಶಟರ್. ಒಳಗೆ ಫಿಲ್ಮಿನ ಬದಲು ಬ್ರೋಮೈಡ್ ಪೇಪರ್. ಅದು ಬಲು ನಿಧಾನಿ. ಸುಡುಬಿಸಿಲಿನಲ್ಲೂ ಒಂದು ನಿಮಿಷದ ಆಸುಪಾಸು ಬೆಳಕು ಉಣಿಸಬೇಕು. ಗಾಳಿಗೆ ಅಲುಗದಂತೆ ಡಬ್ಬಿಯ ಮೇಲೊಂದು ಕಲ್ಲು. ಹಂಪಿಯಲ್ಲಿ ಕಲ್ಲಿಗೇನು ಬರ!

ಆ ಒಂದು ನಿಮಿಷದಲ್ಲಿ ನಡೆದಾಡುವವರೆಲ್ಲ ಚಿತ್ರದಿಂದ ಮಾಯ. ಸೆಲ್ಫಿಗೆಂದು ನಿಂತವರು ಅರೆಬರೆ ಉಳಿಯುತ್ತಾರೆ. ಬಂಡೆಗಳು ಮಾತ್ರ ಪೂರ್ತಿ. ದುಂಡನೆಯ ಡಬ್ಬಿಯೊಳಗೆ ಕಾಗದವೂ ಬಾಗಿರುವುದರಿಂದ ಹಂಪಿ ಬಜಾರಿನ ನೆಟ್ಟಗಿನ ಸಾಲುಮಂಟಪ ಬಿಲ್ಲಿನಂತೆ ಬಾಗುತ್ತದೆ. ಮೂರು ರಂಧ್ರ ಮಾಡಿದರೆ ಮೂರು ಮತಂಗಬೆಟ್ಟಗಳು ಒಂದರ ಮೇಲೊಂದು!

"ಡಬ್ಬ್ಯಾಗ ಏನೈತಪಾ?" ತುಂಗಭದ್ರೆಯ ದಡದಲ್ಲಿ ಹರಿಗೋಲಿನ ಅಜ್ಜ ಕೇಳಿದ.

"ಕ್ಯಾಮೆರಾ, ಯಜ್ಜಾ."

"ಹಂಗಾದ್ರ ನಂದೊಂದು ಫೋಟೊ ತೆಗಿ."

"ಒಂದು ನಿಮಿಷ ಅಲುಗಾಡದಂಗ ಕುಂದ್ರಬೇಕು."

"ನಾ ಕುಂದರ್ತೀನಿ. ಹೊಳಿ ಕೇಳಬೇಕಲ್ಲ?"

ಹೊಳೆ ಕೇಳಲಿಲ್ಲ. ಚಿತ್ರದಲ್ಲಿ ಹರಿಗೋಲೂ ಅಜ್ಜನೂ ಕಲಸಿಹೋದ ಒಂದು ಕಪ್ಪು ಮಸುಕಿದೆ. ಹಿಂದಿನ ಬಂಡೆಯ ಬಿರುಕುಗಳನ್ನು ಮಾತ್ರ ಎಣಿಸಬಹುದು. ನಾನು ತೆಗೆದದ್ದರಲ್ಲಿ ಅದೇ ನನಗೆ ಅಚ್ಚುಮೆಚ್ಚು.

ರಾತ್ರಿ ಹಾಸ್ಟೆಲಿನ ಬಚ್ಚಲಮನೆಯೇ ಡಾರ್ಕ್‌ರೂಮು. ಡೆವಲಪರಿಗೆ 20 ಡಿಗ್ರಿಯ ಹದ ಬೇಕು. ನಮ್ಮೂರ ಬೇಸಿಗೆಯಲ್ಲಿ ನಲ್ಲಿ ನೀರು ಕೈಸುಡುತ್ತದೆ, ಹಾಗಾಗಿ ಟ್ರೇಯ ಕೆಳಗೆ ಐಸು. ಕೆಂಪು ಬಲ್ಬಿನ ಬೆಳಕಲ್ಲಿ ಮೊದಲು ಕಪ್ಪಾಗುವುದು ಆಕಾಶ, ಆಮೇಲೆ ನಿಧಾನಕ್ಕೆ ಬಂಡೆ. ಈ ಕಾಗದಕ್ಕೆ ನೀಲಿಯ ಮೇಲೆ ವಿಪರೀತ ಮೋಹ, ಕೆಂಪು ಕಾಣುವುದೇ ಇಲ್ಲ. ಅದಕ್ಕೇ ಈ ನೆಗೆಟಿವನ್ನು ಇನ್ನೊಂದು ಕಾಗದಕ್ಕೆ ಒತ್ತಿ ಪ್ರಿಂಟು ತೆಗೆದಾಗ ಮೋಡಗಳಿರುವುದಿಲ್ಲ, ಕೆಂಬಣ್ಣದ ಕಲ್ಲು ಕಡುಗಪ್ಪಾಗಿರುತ್ತದೆ.

ಕಾಗದದ ನೆಗೆಟಿವ್ ಹಂಪಿಗೆ ಹೊಸದೇನಲ್ಲ. 1856ರಲ್ಲಿ ಅಲೆಕ್ಸಾಂಡರ್ ಗ್ರೀನ್‌ಲಾ ಎಂಬ ಸೇನಾಧಿಕಾರಿ ಮೇಣ ಹಿಡಿಸಿದ ಕಾಗದದ ಮೇಲೆ ಈ ಹಾಳೂರನ್ನು ಚಿತ್ರಿಸಿದ್ದ. 1980ರ ದಶಕದಲ್ಲಿ ಛಾಯಾಗ್ರಾಹಕ ಜಾನ್ ಗಾಲಿಂಗ್ಸ್ ಅವೇ ಜಾಗಗಳಲ್ಲಿ ನಿಂತು ಮತ್ತೆ ಫೋಟೊ ತೆಗೆದರು. ಹಳತನ್ನೂ ಹೊಸತನ್ನೂ ಜೋಡಿಸಿ ನೋಡುತ್ತ ಕೂತರೆ ನನ್ನ ಪಠ್ಯಪುಸ್ತಕ ಮುಚ್ಚಿಯೇ ಇರುತ್ತದೆ.

ಫೋನಿನಲ್ಲಿ ಫಿಲ್ಟರ್ ಹಾಕಿ ಆಕಾಶವನ್ನು ನೇರಳೆ ಮಾಡುವುದನ್ನು ನಾನು ಪ್ರಯೋಗವೆನ್ನಲಾರೆ. ಏನಾಗುತ್ತದೆಂದು ಒತ್ತುವ ಮೊದಲೇ ಗೊತ್ತಿದ್ದರೆ ಮಜವೆಲ್ಲಿ? ಡಬ್ಬಿ ಏನು ಕಂಡಿತೆಂಬುದು ರಾತ್ರಿಯವರೆಗೂ ಗುಟ್ಟು. ಆದರೆ ಹಾಗೇಕೆ ಕಂಡಿತೆಂದು ಬೆಳಗಾಗುವುದರೊಳಗೆ ಲೆಕ್ಕ ಹಾಕಬಹುದು.

ನೀವೂ ಮಾಡಿ ನೋಡುವಿರಾದರೆ ಡಬ್ಬಿಯ ಒಳಗೆ ಎರಡು ಸಲ ಕಪ್ಪು ಬಳಿಯಿರಿ. ಹೊಳಪಿಲ್ಲದ ಬಣ್ಣವೇ ಆಗಬೇಕು.